ಒಳ್ಳೆಯ ಎಲೆಯಲ್ಲೇ ಸೋಲುತ್ತಿದ್ದ ಗಾಡಿಯವನ ಹೆಂಡತಿ

ನನ್ನ ಅಮ್ಮ ಸೇಸಮ್ಮ ಇಸ್ಪೀಟು ಕಲಿತದ್ದು ಮದುವೆಯಾಗಿ ಮೂರನೆಯ ವರ್ಷದಲ್ಲಿ, ಮನೆಯ ಒಂದು ಎತ್ತು ಹೋದ ಮೇಲೆ. ಅದಕ್ಕೆ ಮೊದಲು ಅವಳು ಆ ಎಲೆಗಳನ್ನು ಕೈಯಲ್ಲಿ ಮುಟ್ಟಿದವಳೂ ಅಲ್ಲ.

ಅಳದಂಗಡಿಯಿಂದ ಮೇಲಕ್ಕೆ ಹತ್ತಿದರೆ ಗುಡ್ಡದ ಮಗ್ಗುಲಲ್ಲಿ ನಮ್ಮ ಮನೆ. ಸುತ್ತ ಗೇರುಮರಗಳು, ಕೆಳಗೆ ಒಂದು ತುಂಡು ಗದ್ದೆ. ಅಪ್ಪ ಕುಶಾಲಪ್ಪ ಗೌಡರಿಗೆ ಗದ್ದೆಗಿಂತ ಗಾಡಿಯ ಮೇಲೆ ಪ್ರೀತಿ. ಊರಿನವರ ಅಕ್ಕಿ, ಹುಣಸೆ, ಗೇರುಬೀಜ ಹೇರಿಕೊಂಡು ಬಂಟ್ವಾಳದ ಪೇಟೆಗೆ ಹೋಗುವುದು, ಬರುವಾಗ ಉಪ್ಪು, ಒಣಮೀನು, ಹೆಂಚು ತುಂಬಿಕೊಂಡು ಬರುವುದು. ಆಗಿನ್ನೂ ಲಾರಿಗಳು ಕಡಿಮೆ. ಐವತ್ತನಾಲ್ಕನೆಯ ಇಸವಿಯಲ್ಲಿ ನಮ್ಮ ಗುಡ್ಡಕ್ಕೆ ಗಾಡಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಅಪ್ಪ ಕುಡಿಯುತ್ತಿರಲಿಲ್ಲ, ಯಾರ ಮೇಲೂ ಸ್ವರ ಏರಿಸುತ್ತಿರಲಿಲ್ಲ. ಬೊಳ್ಳ, ಕಾಳ ಎಂಬ ಎರಡು ಎತ್ತುಗಳಿಗೆ ಉಣಿಸದೆ ತಾನು ಉಣ್ಣುತ್ತಿರಲಿಲ್ಲ. ಅವರಿಗಿದ್ದ ಹುಚ್ಚು ಒಂದೇ, ಮೂರೆಲೆ ಆಟ. ಗುರುವಾಯನಕೆರೆಯಲ್ಲಿ ಗಾಡಿಯವರು ಎತ್ತು ಬಿಚ್ಚಿ ನೆರಳಿನಲ್ಲಿ ಕೂತರೆಂದರೆ ಗೋಣಿಯ ಮೇಲೆ ಎಲೆ ಬೀಳುತ್ತಿತ್ತು. ಹೋದಷ್ಟು ಸಲ ಅಲ್ಲದಿದ್ದರೂ, ನೆನಪಿಡುವಷ್ಟು ಸಲ ಅಪ್ಪ ಬಾಡಿಗೆಯನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಮನೆಗೆ ಬಂದು ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಕಾಲು ತೊಳೆದು ಜಗಲಿಯಲ್ಲಿ ಕೂತು, "ಸೇಸು, ಇವತ್ತು ಎಂಥ ಎಲೆ ಬಂದಿತ್ತು ಗೊತ್ತುಂಟಾ?" ಎಂದು ಶುರುಮಾಡುತ್ತಿದ್ದರು. ಅಮ್ಮ ಗಂಜಿ ಬಡಿಸುತ್ತ ಕೇಳುತ್ತಿದ್ದಳು.

ಒಂದು ಸಂಜೆ ಅಪ್ಪ ಗಾಡಿಯಿಲ್ಲದೆ, ಕಾಳನ ಹಗ್ಗ ಒಂದನ್ನೇ ಹಿಡಿದುಕೊಂಡು ನಡೆದು ಬಂದರು. ಬೊಳ್ಳನಿಗೆ ಏನಾದರೂ ಕಚ್ಚಿತೋ ಎಂದು ಅಮ್ಮ ಅಂಗಳಕ್ಕೆ ಓಡಿದಳು.

"ಬೊಳ್ಳ ಎಲ್ಲಿ?"

"ಬೆಳುವಾಯಿಗೆ ಹೋದ," ಎಂದರು ಅಪ್ಪ. "ಶಂಭು ಶೆಟ್ರ ಮನೆಗೆ."

ಶಂಭು ಶೆಟ್ಟರು ಬೆಳುವಾಯಿಯ ಜಮೀನುದಾರರು. ನೆಂಟರ ಮನೆಗೆಂದು ಗುರುವಾಯನಕೆರೆಗೆ ಬಂದವರು ಬಸ್ಸಿಗೆ ಕಾಯುತ್ತ ಗಾಡಿಯವರ ಜೊತೆ ಆಟಕ್ಕೆ ಕೂತಿದ್ದರು. ಅಪ್ಪನ ಕೈಗೆ ಎರಡು ಎಕ್ಕ ಬಂದಿತ್ತು. ಎರಡು ಎಕ್ಕ ಬಂದವನು ಎಲೆ ಬಿಡುವುದುಂಟೇ? ಬಾಡಿಗೆ ಹೋಯಿತು, ಕಿವಿಯ ಒಂಟಿ ಹೋಯಿತು. ಶೆಟ್ಟರು ಇನ್ನೂ ಏರಿಸಿದಾಗ ಅಪ್ಪ ಬೊಳ್ಳನನ್ನು ಇಟ್ಟರು. ಶೆಟ್ಟರು ತೆರೆದು ತೋರಿಸಿದ್ದು ಮೂರು ಒಂದೇ ಜಾತಿಯ ಎಲೆ, ಮೂರೂ ಕಳಾವರ್.

ಅಮ್ಮ ಕೂಗಾಡಲಿಲ್ಲ. ಕಾಳನನ್ನು ಹಟ್ಟಿಯಲ್ಲಿ ಕಟ್ಟಿ, ಪಕ್ಕದ ಖಾಲಿ ಗೂಟದ ಹತ್ತಿರ ಸ್ವಲ್ಪ ಹೊತ್ತು ನಿಂತು ಬಂದಳು. ಆಮೇಲೆ ಕೇಳಿದಳು:

"ಹೋದ ಸಲ ಸೋತದ್ದು ಯಾವ ಎಲೆಯಲ್ಲಿ?"

"ಎರಡು ರಾಜ."

"ಅದರ ಮೊದಲು?"

"ಮೂರೂ ಡೈಮಂಡ್. ಚಂದದ ಎಲೆ."

"ಕೆಟ್ಟ ಎಲೆ ಬಂದ್ರೆ ಎಂತ ಮಾಡ್ತೀರಿ?"

"ಮಗುಚಿ ಹಾಕ್ತೇನೆ. ನಾನೆಂತ ಮರುಳನಾ?"

"ಹಾಗಾದ್ರೆ ನೀವು ಕೆಟ್ಟ ಎಲೆಯಲ್ಲಿ ಸೋತದ್ದೇ ಇಲ್ಲ. ಸೋತದ್ದೆಲ್ಲ ಒಳ್ಳೆಯದರಲ್ಲೇ."

ಅಪ್ಪ ತಲೆ ಎತ್ತಿ ಅವಳನ್ನು ನೋಡಿದರಂತೆ. ಅಷ್ಟು ವರ್ಷ ಆಡಿದವರಿಗೆ ಅದು ಹೊಳೆದಿರಲಿಲ್ಲ.

"ನನಗೆ ಕಲಿಸಿ," ಎಂದಳು ಅಮ್ಮ. "ಬೊಳ್ಳನನ್ನು ತಿಂದದ್ದು ಎಂತ ಅಂತ ನನಗೂ ಗೊತ್ತಾಗ್ಲಿ."

ಅಪ್ಪನಿಗೆ ನಾಚಿಕೆಯಾಯಿತು. ಹೆಂಗಸರಿಗೆ ಇಸ್ಪೀಟು ಕಲಿಸುವುದನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಆದರೆ ಎತ್ತು ಕಳೆದುಕೊಂಡು ಬಂದವರಿಗೆ ಬೇಡ ಎನ್ನುವ ಬಾಯಿಯೂ ಇರಲಿಲ್ಲ. ಮರುದಿನ ಮಧ್ಯಾಹ್ನ ಜಗಲಿಯಲ್ಲಿ ಚಾಪೆ ಹಾಸಿದರು. ಪಣಕ್ಕೆ ಗೇರುಬೀಜ. ಆಟ ಹೇಳಿಕೊಡಲು ಬಹಳ ಹೊತ್ತು ಬೇಕಾಗಲಿಲ್ಲ. ಒಬ್ಬೊಬ್ಬರಿಗೆ ಮೂರು ಎಲೆ. ಜೋಡಿ ಬಂದರೆ ಒಳ್ಳೆಯದು. ಮೂರೂ ಒಂದೇ ಜಾತಿಯಾದರೆ ಅದಕ್ಕಿಂತ ಮೇಲು, ಸಾಲಾಗಿ ಬಂದರೆ ಇನ್ನೂ ಮೇಲು, ಮೂರೂ ಒಂದೇ ಅಂಕಿಯಾದರೆ ಎಲ್ಲಕ್ಕಿಂತ ಮೇಲು. ಎದುರಿನವರು ಇಟ್ಟಷ್ಟಾದರೂ ಇಡಬೇಕು, ಬೇಕಾದರೆ ಏರಿಸಬಹುದು, ಧೈರ್ಯ ಸಾಲದಿದ್ದರೆ ಎಲೆ ಬಿಡಬಹುದು. ಇಬ್ಬರೇ ಉಳಿದಾಗ ಅಷ್ಟೇ ಪಣ ಕೊಟ್ಟು 'ತೋರಿಸು' ಎಂದು ಕೇಳಬಹುದು.

"ನೀವು 'ತೋರಿಸು' ಅಂತ ಕೇಳುದುಂಟಾ?"

"ಒಳ್ಳೆ ಎಲೆ ಇಟ್ಕೊಂಡು ಯಾರು ಕೇಳ್ತಾರೆ? ಹೆದರಿದವರು ಕೇಳುದು ಅದು."

ಮೊದಲ ಕೆಲವು ದಿನ ಇಬ್ಬರ ಮುಂದೆಯೂ ಒಂದೊಂದು ಮುಷ್ಟಿ ಬೀಜ. ಅಪ್ಪನೇ ಹೆಚ್ಚಾಗಿ ಗೆದ್ದರು. ಜೋಡಿ ಬಂದ ಕೂಡಲೇ ಇದ್ದಬದ್ದದ್ದನ್ನೆಲ್ಲ ಮುಂದೆ ತಳ್ಳುತ್ತಿದ್ದರು. ಒಂದು ಮುಷ್ಟಿ ತಾನೇ ಎಂದು ಅಮ್ಮನೂ ಅರೆಬರೆ ಎಲೆಯಲ್ಲಿ ಮುಂದುವರಿದು ಸೋಲುತ್ತಿದ್ದಳು. ಆಮೇಲೆ ಒಂದು ದಿನ ಅವಳು ಒಳಗಿನಿಂದ ಎರಡು ಬುಟ್ಟಿ ತುಂಬ ಬೀಜ ತಂದು ಇಬ್ಬರ ಮುಂದೆಯೂ ಸುರಿದಳು.

"ಇವತ್ತು ಇಷ್ಟು ಇಟ್ಟು ಆಡುವ," ಎಂದಳು.

ಆ ಮಧ್ಯಾಹ್ನ ಅಪ್ಪನಿಗೆ ಎರಡು ರಾಜ ಬಂತು. ಅಭ್ಯಾಸದಂತೆ ಏರಿಸಿದರು. ಅಮ್ಮ ಅಷ್ಟೇ ಇಟ್ಟಳು. ಇನ್ನೂ ಏರಿಸಿದರು. ಅವಳೂ ಏರಿಸಿದಳು. ಬುಟ್ಟಿಯ ಬೀಜವೆಲ್ಲ ಚಾಪೆಯ ನಡುವೆ ಗುಡ್ಡೆಯಾಗುವವರೆಗೆ ಅಪ್ಪ ನಿಲ್ಲಿಸಲಿಲ್ಲ. ಕೊನೆಗೆ ಅಮ್ಮ ತೆರೆದು ತೋರಿಸಿದ್ದು ಮೂರು ನಾಲ್ಕುಗಳು.

"ನಾನು ಎರಡನೇ ಸಲ ಏರಿಸಿದಾಗ ನಿಮಗೆ ಎಂತ ಅನ್ನಿಸ್ತು?" ಎಂದು ಕೇಳಿದಳು.

"ಎಂತದೂ ಇಲ್ಲ. ನಾನು ನನ್ನ ರಾಜಗಳನ್ನೇ ನೋಡ್ತಾ ಇದ್ದೆ."

"ನನ್ನ ಮುಖ ನೋಡ್ಲೇ ಇಲ್ಲ?"

ಅಪ್ಪ ನಕ್ಕುಬಿಟ್ಟರು. ಅಮ್ಮನಿಗೂ ನಗು ಬಂತು, ಆದರೆ ಅವಳು ಬಿಡಲಿಲ್ಲ. "ನೋಡಿ, ಒಂದು ಮುಷ್ಟಿ ಬೀಜಕ್ಕೆ ಎರಡು ರಾಜ ಬೇಕಾದಷ್ಟಾಯ್ತು. ಎಂಥ ಎಲೆ ಇದ್ದವರೂ ಒಂದು ಮುಷ್ಟಿ ಇಡ್ತಾರೆ. ಇಡೀ ಬುಟ್ಟಿ ಇಡುವವರು ಯಾರು? ಎರಡು ರಾಜಕ್ಕಿಂತ ಮೇಲಿನದ್ದು ಇದ್ದವರು ಮಾತ್ರ. ನೀವು ಎಳೆದು ಎಳೆದು ಪಣ ದೊಡ್ಡದು ಮಾಡಿದ ಹಾಗೆ, ನಿಮಗಿಂತ ಸಣ್ಣ ಎಲೆಯವರೆಲ್ಲ ಎದ್ದು ಹೋಗ್ತಾರೆ. ಕೊನೆಗೆ ನಿಮ್ಮ ಎದುರು ಉಳಿಯುದು ನಿಮ್ಮನ್ನು ಸೋಲಿಸುವವನೇ."

"ಹಾಗಾದ್ರೆ ಎರಡು ರಾಜ ಬಂದ್ರೆ ಎಂತ ಮಾಡ್ಬೇಕು? ಬಿಡ್ಬೇಕಾ?"

"ಬಿಡ್ಲಿಕ್ಕೆ ಹೇಳಿದ್ದಲ್ಲ. ಪಣ ಸಣ್ಣದಿರುವಾಗಲೇ 'ತೋರಿಸು' ಅನ್ನಿ. ಸೋತರೆ ಸ್ವಲ್ಪ ಸೋಲ್ತೀರಿ. ಎದುರಿನವ ಒಮ್ಮೆಲೇ ಎತ್ತಿನಷ್ಟು ಇಟ್ಟರೆ ಆಗ ಬಿಡಿ."

ಹೇಳುವುದು ಸುಲಭ. ಒಳ್ಳೆಯ ಎಲೆಯನ್ನು ಕೆಳಗೆ ಹಾಕುವಾಗ ಅಪ್ಪನ ಬೆರಳುಗಳೇ ಒಪ್ಪುತ್ತಿರಲಿಲ್ಲ. ಎಷ್ಟೋ ಮಧ್ಯಾಹ್ನಗಳು ಬುಟ್ಟಿ ಬುಟ್ಟಿಯಾಗಿ ಅಮ್ಮನಿಗೆ ಸೋತರು. ಆದರೆ ಆ ಆಟದಿಂದ ಇನ್ನೊಂದು ಆಯಿತು. ಮದುವೆಯಾಗಿ ಮೂರು ವರ್ಷ ಒಂದೇ ಮನೆಯಲ್ಲಿದ್ದರೂ ಅಪ್ಪ ಅಮ್ಮನ ಮುಖವನ್ನು ಹೀಗೆ ಕೂತು ನೋಡಿದವರಲ್ಲ. ಒಳ್ಳೆಯ ಎಲೆ ಬಂದರೆ ಅವಳ ಎಡಗೈ ಸೆರಗಿನ ಅಂಚಿಗೆ ಹೋಗುತ್ತದೆ, ಸುಳ್ಳು ಆಡುವಾಗ ಉಸಿರು ಸ್ವಲ್ಪ ತಡೆಯುತ್ತದೆ, ಬೇಸರವಾದ ದಿನ ಎಲೆಗಳನ್ನು ಜೋಡಿಸದೆ ಹಾಗೇ ಹಿಡಿಯುತ್ತಾಳೆ. ಇದೆಲ್ಲ ಅವರಿಗೆ ಮೆಲ್ಲಗೆ ತಿಳಿಯತೊಡಗಿತು. ಒಂದು ದಿನ ಎಲೆ ಹಂಚುವುದನ್ನು ನಿಲ್ಲಿಸಿ, "ಸೇಸು, ನಿನಗೆ ಇವತ್ತು ಅಪ್ಪನ ಮನೆ ನೆನಪಾಗ್ತಾ ಉಂಟಾ?" ಎಂದು ಕೇಳಿದರಂತೆ. ಅಮ್ಮ ಅಳುವುದನ್ನು ಅಪ್ಪ ಮೊದಲ ಸಲ ಕಂಡದ್ದು ಆಗ. ಮರುದಿನವೇ ಅವಳನ್ನು ತವರಿಗೆ ಕರೆದುಕೊಂಡು ಹೋದರು.

ಬೊಳ್ಳನ ಜಾಗಕ್ಕೆ ಬೇರೊಂದು ಎತ್ತು ಬಂತು, ಆದರೆ ಕಾಳನಿಗೂ ಅದಕ್ಕೂ ಹೆಜ್ಜೆ ಕೂಡಲಿಲ್ಲ. ಗುರುವಾಯನಕೆರೆಯಲ್ಲಿ ಅಪ್ಪ ಮತ್ತೆಯೂ ಆಡಿದರು, ಸಣ್ಣದಾಗಿ. ಬಾಡಿಗೆ ಮನೆಗೆ ಬರತೊಡಗಿತು. ಗಾಡಿಯವರು, "ಕುಶಾಲಪ್ಪನಿಗೆ ಎಂತ ಆಯ್ತು ಮಾರಾಯ, ಎಲ್ಲದಕ್ಕೂ ತೋರಿಸು ತೋರಿಸು ಅಂತಾನೆ," ಎಂದು ತಮಾಷೆ ಮಾಡುತ್ತಿದ್ದರು.

ನಾನು ಹುಟ್ಟಿದ್ದು ಐವತ್ತೇಳರಲ್ಲಿ. ಪದ್ಮಾಕ್ಷಿ ಎಂದು ಹೆಸರಿಟ್ಟರು. ನನಗೆ ಎರಡು ವರ್ಷವಾಗಿದ್ದಾಗ, ಗೇರುಬೀಜದ ಕಾಲದಲ್ಲಿ, ನಮ್ಮ ಗುಡ್ಡದ ಮನೆಗಳ ಬೀಜವನ್ನೆಲ್ಲ ಒಟ್ಟುಮಾಡಿ ಮೂಡುಬಿದಿರೆಯ ವ್ಯಾಪಾರಿ ಮೂಸಾ ಬ್ಯಾರಿಗಳಿಗೆ ಕೊಂಡುಹೋಗಿ ಕೊಡುವ ಕೆಲಸ ಅಪ್ಪನಿಗೆ ಬಂತು. ಗಾಡಿಯಲ್ಲಿ ನಮ್ಮ ಗೋಣಿಗಳು ಮೇಲೆ, ನೆರೆಹೊರೆಯವರದು ಕೆಳಗೆ. ಅಮ್ಮನ ತಂಗಿಯ ಮನೆ ಆ ಕಡೆಯೇ ಇದ್ದುದರಿಂದ ಅವಳೂ ನನ್ನನ್ನು ಎತ್ತಿಕೊಂಡು ಗಾಡಿ ಹತ್ತಿದಳು.

ಶಿರ್ತಾಡಿಯಿಂದ ನೇರವಾಗಿ ಮೂಡುಬಿದಿರೆಗೆ ಹೋಗಬೇಕಾಗಿದ್ದ ಗಾಡಿಯನ್ನು ಅಪ್ಪ ಬೆಳುವಾಯಿಯ ಕಡೆ ತಿರುಗಿಸಿದರು.

"ಇದು ಎಲ್ಲಿಗೆ?" ಎಂದಳು ಅಮ್ಮ.

"ಸುಮ್ಮನೆ ಒಮ್ಮೆ ನೋಡಿ ಹೋಗುವ," ಎಂದರು ಅಪ್ಪ. ಯಾರನ್ನು ಎಂದು ಅವಳು ಕೇಳಲಿಲ್ಲ.

ಶಂಭು ಶೆಟ್ಟರ ಗದ್ದೆಯ ಬದಿಯಲ್ಲೇ ಬೊಳ್ಳ ಮೇಯುತ್ತಿದ್ದ. ಅಪ್ಪ ಗಾಡಿಯಿಂದ ಇಳಿದು ಕರೆದರು. ಅದು ತಲೆ ಎತ್ತಿ, ಹಗ್ಗ ಬಿಗಿಯುವವರೆಗೆ ನಡೆದು ಬಂದು ಅಪ್ಪನ ಭುಜಕ್ಕೆ ಮೂತಿ ಒರೆಸಿತು. ಅಷ್ಟರಲ್ಲಿ ಶೆಟ್ಟರು ಚಾವಡಿಯಿಂದ ಕಂಡು ಕರೆದರು. ಮಾತುಗಾರರು, ಎದುರಿಗೆ ಕೂರುವ ಜನ ಸಿಕ್ಕಿದರೆ ಬಿಡುವವರಲ್ಲ. ಬೆಲ್ಲ, ನೀರು ಬಂತು. ಅಮ್ಮನನ್ನು ಶೆಟ್ಟರ ಹೆಂಡತಿ ಜಲಜಾಕ್ಷಮ್ಮ ಒಳಗೆ ಕರೆದು ಕೂರಿಸಿ, ನನ್ನನ್ನು ಉಯ್ಯಾಲೆಯಲ್ಲಿ ಮಲಗಿಸಿದರು. ಚಾವಡಿಯಲ್ಲಿ ಎಲೆ ಬಿದ್ದದ್ದು ಅಮ್ಮನಿಗೆ ಕೇಳಿಸಿತು. ಬಾಗಿಲ ಸಂದಿಯಿಂದ ಇಬ್ಬರೂ ಕಾಣುತ್ತಿದ್ದರು.

ಪಣ ಗೇರುಬೀಜವೇ. ಶೆಟ್ಟರ ಕಣಜದಲ್ಲಿಯೂ ಗೋಣಿಗಟ್ಟಲೆ ಇತ್ತು, ಅಪ್ಪನ ಗಾಡಿಯೂ ತುಂಬಿತ್ತು. ಮೊದಲ ಕೆಲವು ಆಟಗಳು ಸೇರುಗಳಲ್ಲೇ ಹೋದವು, ಬಂದವು. ಆಮೇಲೆ ಅಪ್ಪನಿಗೆ ಮೂರೂ ಆಟೀನು ಬಂತು, ಎಕ್ಕ ಸೇರಿ. ಜೋಡಿಗಳೆಲ್ಲ ಇದರ ಕೆಳಗೆ, ಒಂದೇ ಜಾತಿಯ ಎಲೆಗಳಲ್ಲಿ ಎಕ್ಕ ಸೇರಿದ್ದೇ ದೊಡ್ಡದು. ಅಪ್ಪ ಒಂದು ಗೋಣಿ ಇಟ್ಟರು. ಶೆಟ್ಟರು ಅದಕ್ಕೆ ಸರಿಯಾಗಿ ಇಟ್ಟು ಇನ್ನೊಂದು ಏರಿಸಿದರು. ಅಪ್ಪ ಅದನ್ನೂ ಇಟ್ಟರು. ಆಗ ಶೆಟ್ಟರು ತಾಂಬೂಲ ಉಗುಳಿ ಬಂದು ಹೇಳಿದರು:

"ಕುಶಾಲಪ್ಪ, ನೀನು ಬಂದದ್ದು ಎಂತಕ್ಕೆ ಅಂತ ನನಗೆ ಗೊತ್ತಿಲ್ವಾ? ನಾನು ಆ ಎತ್ತು ಇಡ್ತೇನೆ. ಅದರ ಜೊತೆಗೆ ಕಣಜದಲ್ಲಿದ್ದ ಬೀಜವೂ ಇರ್ಲಿ. ನೀನು ಗಾಡಿಯಲ್ಲಿದ್ದದ್ದು ಇಡು. ಆಮೇಲೆ ತೋರಿಸುವ."

ಗಾಡಿಯಲ್ಲಿದ್ದದ್ದು ಎಂದರೆ ಇಡೀ ಗುಡ್ಡದ ಬೀಜ. ಒಳಗೆ ಜಲಜಾಕ್ಷಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದರು. "ಇವರದ್ದು ಯಾವಾಗಲೂ ಹೀಗೆಯೇ," ಎಂದು ಪಿಸುಗುಟ್ಟಿ, "ನಿನ್ನ ಗಂಡನನ್ನು ಒಳಗೆ ಕರೆಯಲಾ?" ಎಂದು ಕೇಳಿದರು.

"ಬೇಡ ಅಕ್ಕ," ಎಂದಳು ಅಮ್ಮ. "ಅವರು ನೋಡ್ತಾ ಇದ್ದಾರೆ."

"ಎಂತ ನೋಡ್ತಾ ಇದ್ದಾನೆ?"

"ಶೆಟ್ರ ಮುಖ."

ನಿಜವಾಗಿಯೂ ಅಪ್ಪ ತನ್ನ ಎಲೆಗಳನ್ನು ಮೊಣಕಾಲ ಮೇಲೆ ಮಗುಚಿ ಇಟ್ಟು ಶೆಟ್ಟರನ್ನೇ ನೋಡುತ್ತಿದ್ದರು. ಶೆಟ್ಟರು ಹಾಯಾಗಿ ಕೂತಿದ್ದರು. ಗದ್ದೆಯ ಕಡೆಯಿಂದ ಬೊಳ್ಳನ ಕೊರಳ ಗಂಟೆ ಕೇಳುತ್ತಿತ್ತು. ಅಪ್ಪ ಅತ್ತ ತಿರುಗಲಿಲ್ಲ. ಆಮೇಲೆ ಮೂರೂ ಎಲೆಗಳನ್ನು ಹಾಗೆಯೇ ಮಗುಚಿ ಚಾಪೆಯ ಮೇಲೆ ಸರಿಸಿದರು.

"ನಾನು ಬಿಟ್ಟೆ ಶೆಟ್ರೆ."

ಶೆಟ್ಟರು ಇದನ್ನು ನಿರೀಕ್ಷಿಸಿರಲಿಲ್ಲ. "ಎಂತ ಇತ್ತು ನಿನ್ನ ಹತ್ರ?"

"ಅದು ಬೇಡ."

"ನನ್ನದು ಎಂತ ಅಂತ ನೋಡುದಿಲ್ವಾ?"

"ಬೇಡ ಶೆಟ್ರೆ. ನೋಡಿದ್ರೆ ನಾನು ಮನೆಗೆ ಹೋಗ್ಲಿಕ್ಕಿಲ್ಲ."

ಶೆಟ್ಟರು ಎಲೆಗಳನ್ನು ಕಟ್ಟಿನೊಳಗೆ ಸೇರಿಸಿಬಿಟ್ಟರು. ನಮ್ಮ ಎರಡು ಗೋಣಿಗಳನ್ನು ಅಪ್ಪನೇ ಹೊತ್ತು ಅವರ ಕಣಜಕ್ಕೆ ಹಾಕಿ ಬಂದರು. ಉಳಿದದ್ದು ಗಾಡಿಯಲ್ಲೇ ಇತ್ತು.

ಮೂಡುಬಿದಿರೆಯ ದಾರಿಯುದ್ದಕ್ಕೂ ಅಪ್ಪ ಎತ್ತುಗಳ ಬೆನ್ನನ್ನೇ ನೋಡುತ್ತ ಗಾಡಿ ಹೊಡೆದರು. ಊರು ಕಾಣುವಷ್ಟು ಹತ್ತಿರ ಬಂದ ಮೇಲೆ ಗಾಡಿ ನಿಲ್ಲಿಸಿದರು.

"ಅವರ ಹತ್ರ ಎಂತದೂ ಇಲ್ಲದಿದ್ರೆ? ಸುಮ್ಮನೆ ಹೆದರಿಸಿದ್ದಾಗಿದ್ರೆ? ಬೊಳ್ಳ ಈಗ ಗಾಡಿಯ ಹಿಂದೆ ಬರ್ತಿದ್ದ ಸೇಸು."

"ಇರಬಹುದು," ಎಂದಳು ಅಮ್ಮ.

"ಎಕ್ಕ ಇತ್ತು. ಮೂರೂ ಆಟೀನು."

ಅಮ್ಮ ನನ್ನನ್ನು ಗೋಣಿಯ ಮೇಲೆ ಮಲಗಿಸಿ, ಮುಂದೆ ಸರಿದು ಅಪ್ಪನ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಹೋಗುವ ಜನ ನೋಡುತ್ತಾರೆಂದು ಆ ಕಾಲದಲ್ಲಿ ಹೆಂಗಸರು ಹಾಗೆ ಕೂರುತ್ತಿರಲಿಲ್ಲ. "ನಾನಾಗಿದ್ರೂ ಬಿಡ್ತಿದ್ದೆ," ಎಂದಳು. ಅಪ್ಪ ಕಣ್ಣು ಒರೆಸಿಕೊಂಡು ಎತ್ತುಗಳನ್ನು ಹೊಡೆದರು.

ನಾನು ದೊಡ್ಡವಳಾದ ಮೇಲೆ ಅಮ್ಮ ಇದನ್ನು ಹೇಳುವಾಗ ನಾನೊಮ್ಮೆ ಕೇಳಿದೆ: "ನಿಜವಾಗಿಯೂ ನೀನಾಗಿದ್ರೆ ಬಿಡ್ತಿದ್ಯಾ?"

ಅಮ್ಮ ಹೊರಗೆ ಅಪ್ಪ ಇಲ್ಲವೆಂದು ನೋಡಿಕೊಂಡು, "ಎಲ್ಲಿಯ ಬಿಡುದು!" ಎಂದಳು. "ಎಕ್ಕ ಸೇರಿದ ಆಟೀನು ಅಂತ ಅವರು ಹೇಳಿದಾಗ ನನ್ನ ಹೊಟ್ಟೆ ಉರಿದುಹೋಯ್ತು. ಕಲಿಸಿದವಳು ನಾನೇ, ಆದರೆ ಬೊಳ್ಳ ಅಲ್ಲಿ ನಿಂತಿರುವಾಗ ನನಗೆ ಬಿಡ್ಲಿಕ್ಕೆ ಆಗ್ತಿರಲಿಲ್ಲ. ಅಷ್ಟು ಗಟ್ಟಿ ಮನಸ್ಸು ನಿನ್ನ ಅಪ್ಪನಿಗೇ ಇದ್ದದ್ದು."

"ಮತ್ತೆ ಹಾಗೆ ಯಾಕೆ ಹೇಳಿದ್ದು?"

"ಅಷ್ಟು ದೂರ ಅದನ್ನು ಒಬ್ಬರೇ ಮನಸ್ಸಿನಲ್ಲಿಟ್ಟುಕೊಂಡು ಗಾಡಿ ಹೊಡೀತಿದ್ರಲ್ಲ ಮಗ."

ಬೊಳ್ಳ ನಮ್ಮ ಮನೆಗೆ ಬಂದದ್ದು ಅದಾಗಿ ಮೂರು ವರ್ಷಕ್ಕೆ, ಆಟದಲ್ಲಿ ಗೆದ್ದು ಅಲ್ಲ. ಗದ್ದೆಯಲ್ಲಿ ಅದರ ಹಿಂಗಾಲು ಉಳುಕಿ ಮತ್ತೆ ಸರಿಯಾಗಲಿಲ್ಲ. ಮಾರಿದರೆ ಕೊಳ್ಳುವವರು ಯಾರೆಂದು ಎಲ್ಲರಿಗೂ ತಿಳಿದಿತ್ತು. ಜಲಜಾಕ್ಷಮ್ಮ ಮೂಸಾ ಬ್ಯಾರಿಗಳ ಕೈಯಲ್ಲಿ ಹೇಳಿಕಳಿಸಿದರು: ಗೌಡರು ಬಂದು ಕರಕೊಂಡು ಹೋಗಲಿ, ಕೊಡುವುದೇನೂ ಬೇಡ. ಅಪ್ಪ ಅಮ್ಮ ಇಬ್ಬರೂ ಹೋದರು. ಕುಂಟುವ ಎತ್ತನ್ನು ನಡೆಸಿಕೊಂಡು, ಅಲ್ಲಲ್ಲಿ ನೆರಳಿನಲ್ಲಿ ಕೂರಿಸಿಕೊಂಡು ಬರುವಾಗ ಎರಡು ದಿನ ಹಿಡಿಯಿತು. ಹೊರಡುವಾಗ ಶೆಟ್ಟರು ಅಂಗಳದವರೆಗೆ ಬಂದು, "ಆ ದಿನದ ಎಲೆ ಹೇಳ್ಲಾ ಕುಶಾಲಪ್ಪ?" ಎಂದರಂತೆ. ಅಪ್ಪ ಕೈ ಮುಗಿದು, "ಈಗಲೂ ಬೇಡ ಶೆಟ್ರೆ," ಎಂದರಂತೆ. ನಮ್ಮ ಅಂಗಳದಲ್ಲಿ ಬೊಳ್ಳನನ್ನು ಕಟ್ಟುತ್ತಿರಲಿಲ್ಲ. ಮೇಯುವಷ್ಟು ದಿನ ಮೇಯ್ದು, ಎರಡು ವರ್ಷ ಬದುಕಿ, ಗೇರುಮರದ ಬುಡದಲ್ಲಿ ಮಣ್ಣಾಯಿತು.

ಆ ಹೊತ್ತಿಗೆ ಗುರುವಾಯನಕೆರೆಯಿಂದ ಲಾರಿಗಳು ನಮ್ಮ ಗುಡ್ಡದ ಬುಡದವರೆಗೂ ಬರತೊಡಗಿದ್ದವು. ಗಾಡಿಗೆ ಬಾಡಿಗೆ ಕಡಿಮೆಯಾಯಿತು. ಅಪ್ಪ ಹೆಚ್ಚು ಮನೆಯಲ್ಲೇ ಇದ್ದರು. ಮಧ್ಯಾಹ್ನದ ಆಟ ಮಾತ್ರ ನಿಲ್ಲಲಿಲ್ಲ.

ಅರವತ್ತೇಳರಲ್ಲಿ ಅಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಮೂಡುಬಿದಿರೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಊರಿನವರು ಚಾಪೆಯಲ್ಲಿ ಹೊತ್ತು ರಸ್ತೆಗೆ ಇಳಿಸಿ ಒಂದು ಲಾರಿಯಲ್ಲಿ ಕಳಿಸಿದರು. ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಅಮ್ಮ ಮಂಚದ ಕೆಳಗೇ ಮಲಗುತ್ತಿದ್ದಳು. ಜ್ವರ ಇಳಿದರೂ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು, ಗಂಜಿ ಬೇಡ ಎನ್ನುತ್ತಿದ್ದರು. ನಾನು ನೋಡಲು ಹೋದ ದಿನ ಅಮ್ಮ ಸೆರಗಿನೊಳಗಿಂದ ಇಸ್ಪೀಟು ಕಟ್ಟು ತೆಗೆದಳು. ಪಣಕ್ಕೆ ಹುರಿದ ನೆಲಗಡಲೆ.

ಅಪ್ಪ ದಿಂಬಿಗೆ ಒರಗಿ ಕೂತರು. ಒಂದು ಆಟ ಗೆದ್ದರು, ಇನ್ನೊಂದು ಗೆದ್ದರು. ಮೂರನೆಯದರಲ್ಲಿ ಅಪ್ಪ ಕಡಲೆ ಏರಿಸಿದ ಕೂಡಲೇ ಅಮ್ಮ ಎಲೆ ಬಿಟ್ಟಳು.

"ತೋರಿಸು," ಎಂದರು ಅಪ್ಪ.

"ಬಿಟ್ಟ ಎಲೆ ತೋರಿಸುವ ಕ್ರಮ ಇಲ್ಲ."

"ನಿನ್ನ ಕೈ ಸೆರಗಿಗೆ ಹೋಗಿತ್ತು. ತೋರಿಸು."

ಅವಳು ತೋರಿಸಲಿಲ್ಲ. ಅಪ್ಪ ತಾವೇ ಬಾಗಿ ಎತ್ತಿ ನೋಡಿದರು. ಮೂರು ರಾಣಿಯರು. ಆ ಆಟದಲ್ಲಿ ಯಾರೂ ಬಿಡುವ ಎಲೆ ಅದಲ್ಲ. ಅಪ್ಪ ಎಲೆಗಳನ್ನು ಹಿಡಿದುಕೊಂಡೇ ಅಮ್ಮನ ಕಡೆ ನೋಡಿದರು. ಅವರಿಗೆ ಸಿಟ್ಟು ಬಂತೆಂದು ನಾನು ಎಣಿಸಿದೆ.

"ನಾನು ಸಾಯ್ತೇನೆ ಅಂತ ಎಣಿಸಿದ್ಯಾ ಸೇಸು?"

ಅಪ್ಪ ಗೆದ್ದ ಕಡಲೆಯನ್ನೆಲ್ಲ ಅವಳ ಮಡಿಲಿಗೆ ಹಾಕಿ, "ಸರಿಯಾಗಿ ಆಡು ಮಾರಾಯ್ತಿ. ನಾನು ಗಂಜಿ ಉಣ್ತೇನೆ," ಎಂದರು.

ಮುಂದಿನ ವಾರ ಅವರನ್ನು ಮನೆಗೆ ಕಳಿಸಿದರು. ಬಸ್ಸಿನಲ್ಲಿ ಬಂದೆವು. ಅಪ್ಪನಿಗೂ ಅಮ್ಮನಿಗೂ ಅದು ಮೊದಲ ಬಸ್ಸು. ಅಮ್ಮನಿಗೆ ಕಿಟಕಿಯ ಸೀಟು ಕೊಟ್ಟು ಅಪ್ಪ ಪಕ್ಕದಲ್ಲಿ ಕೂತರು. ವೇಣೂರು ದಾಟುವವರೆಗೂ ಪ್ರತಿ ತಿರುವಿನಲ್ಲಿ ಅವರ ಎರಡೂ ಕಾಲು ಬಸ್ಸಿನ ನೆಲವನ್ನು ಒತ್ತಿ ಹಿಡಿಯುತ್ತಿದ್ದವು, ಇಳಿಜಾರು ಬಂದಾಗ ಬಾಯಿಯಿಂದ ಎತ್ತನ್ನು ತಡೆಯುವ ಸದ್ದು ಹೊರಡುತ್ತಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ಅಮ್ಮ ಅವರ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, "ಡ್ರೈವರ್ ಇದ್ದಾನೆ, ನೀವು ಮರಗಳನ್ನು ನೋಡಿ," ಎಂದಳು. ಗುರುವಾಯನಕೆರೆಯಲ್ಲಿ ಇಳಿದು ಹೋಟೆಲಿನಲ್ಲಿ ಚಹಾ ಕುಡಿದೆವು. ಅಪ್ಪ ಎರಡು ಗ್ಲಾಸು ಕುಡಿದು, ಮನೆಗೆ ನಡೆದೇ ಹೋಗುವ ಎಂದರು. ಅಮ್ಮ ಬೇಡವೆಂದು ಅಳದಂಗಡಿಯ ಬಸ್ಸಿಗೆ ಹತ್ತಿಸಿದಳು.